ಹಿಂದಿನ ಸೀಟಿನಲ್ಲಿ ನೂರಹನ್ನೊಂದು ದಿನ

ಎರಡು ಸೀಟಿನ ಸೈಕಲ್ಲಿನಲ್ಲಿ ಹಿಂದೆ ಕೂತವರಿಗೂ ಹ್ಯಾಂಡಲ್ ಇರುತ್ತದೆ, ಆದರೆ ಅದು ತಿರುಗುವುದಿಲ್ಲ. ಹಿಡಿದುಕೊಳ್ಳಲಿಕ್ಕೆ ಮಾತ್ರ. ಬ್ರೇಕೂ ಇಲ್ಲ, ಬೆಲ್ಲೂ ಇಲ್ಲ. ಎರಡೂ ಜೊತೆ ಪೆಡಲುಗಳು ಒಂದಕ್ಕೊಂದು ಸರಪಳಿಯಲ್ಲಿ ಸೇರಿಕೊಂಡಿರುತ್ತವೆ. ಮುಂದಿನವರು ತುಳಿದರೆ ನಿಮ್ಮ ಕಾಲೂ ತಿರುಗಲೇಬೇಕು. ಹಿಂದಿನವರಿಗೆ ರಸ್ತೆ ಕಾಣದ ಕಾರಣ ಮುಂದಿನವರು ಕೂಗಿ ಹೇಳುತ್ತಾ ಹೋಗಬೇಕು: ಗುಂಡಿ, ಬ್ರೇಕು, ಏರು, ತಿರುವು. ಅದು ಆ ಸೈಕಲ್ಲಿನ ನಿಯಮ. ಮೊದಲ ವಾರ ಅಪ್ಪ ಎಲ್ಲವನ್ನೂ ಕೂಗಿ ಹೇಳಿದ. ಆಮೇಲೆ ಮರೆತ.

ನನಗೆ ಆಗ ಹದಿನೇಳು. ಚಿಕ್ಕಂದಿನಲ್ಲಿ ಕಾಯಿಲೆ ಬಿದ್ದು ಎರಡು ವರ್ಷ ತಡವಾಗಿ ಶಾಲೆಗೆ ಸೇರಿದ್ದರಿಂದ ಇನ್ನೂ ಹತ್ತನೆಯ ತರಗತಿಯಲ್ಲಿದ್ದೆ. ಅಪ್ಪ ಗೇಟು, ಕಿಟಕಿಯ ಸರಳು, ಕಬ್ಬಿಣದ ಮಂಚ ಬೆಸುಗೆ ಹಾಕುವವನು. ಅಮ್ಮ ಶರ್ಟಿನ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುತ್ತಿದ್ದಳು. ದಿನಕ್ಕೆ ಇನ್ನೂರು ಕಾಲರ್. ಅದು ಹೋಗಿ ಕೂರುವ ಅಂಗಿ ಹೇಗಿರುತ್ತದೆ ಎಂದು ಅವಳು ನೋಡಿದವಳಲ್ಲ.

ನಮ್ಮ ಬೀದಿಯ ಕೊನೆಯಲ್ಲಿ ಸರ್ಕಾರದ ನಕ್ಷೆ ಕಚೇರಿ ಇತ್ತು. ಎತ್ತರದ ಕಿಟಕಿಗಳು. ಒಳಗೆ ಇಳಿಜಾರು ಮೇಜುಗಳ ಮುಂದೆ ಹೆಂಗಸರು ಸಾಲಾಗಿ ಕೂತು, ಎಣ್ಣೆ ಸವರಿದಂಥ ಪಾರದರ್ಶಕ ಬಟ್ಟೆಯ ಮೇಲೆ ಸಣ್ಣ ಮುಳ್ಳಿನ ಪೆನ್ನಿನಿಂದ ನಕ್ಷೆ ತಿದ್ದುತ್ತಿದ್ದರು. ಒಬ್ಬಳದು ಬರೀ ನದಿಗಳ ಕೆಲಸ. ಶಾಲೆ ಬಿಟ್ಟ ಮೇಲೆ ನಾನು ಕಿಟಕಿಯ ಹೊರಗೆ ನಿಂತು ಅವಳ ಕೈಯನ್ನೇ ನೋಡುತ್ತಿದ್ದೆ. ಉಸಿರು ಬಿಗಿ ಹಿಡಿದು ಒಂದು ತಿರುವು ಎಳೆದು, ಪೆನ್ನು ಎತ್ತಿ, ಆಮೇಲೆ ಉಸಿರು ಬಿಡುವಳು. ನನಗೆ ಬೇಕಾಗಿದ್ದು ಅಷ್ಟೇ, ಆ ಕುರ್ಚಿ. ಅಲ್ಲಿ ಕಲಿಕೆಗೆ ಸೇರಲು ಹತ್ತನೆಯ ತರಗತಿ ಪಾಸಾಗಿರಬೇಕು, ಹದಿನೆಂಟು ತುಂಬಿರಬಾರದು. ಆ ವರ್ಷದ ಕೊನೆಗೆ ನನಗೆ ಹದಿನೆಂಟು. ಆ ಸಲದ ಪರೀಕ್ಷೆ ಬರೆದರೆ ಉಂಟು, ಇಲ್ಲದಿದ್ದರೆ ಇಲ್ಲ.

ಇದು ಅಪ್ಪನಿಗೂ ಗೊತ್ತಿತ್ತು. ಚೆನ್ನಾಗಿಯೇ ಗೊತ್ತಿತ್ತು.

ಗಡಿಯ ಬೆಟ್ಟಗಳಲ್ಲಿ ಹೆಣ್ಣುಮಕ್ಕಳಿಗೆ ಒಂದು ವಸತಿಶಾಲೆ ಕಟ್ಟಬೇಕೆಂದು ಒಂದು ಸಮಿತಿ ಓಡಾಡುತ್ತಿತ್ತು. ಅದರ ಕಾರ್ಯದರ್ಶಿ ನಿವೃತ್ತ ಮೇಷ್ಟ್ರು. ಬಿಸಿಲಿರಲಿ ಮೋಡವಿರಲಿ ಕಂಕುಳಲ್ಲಿ ಕೊಡೆ ಇರುತ್ತಿದ್ದುದರಿಂದ ಎಲ್ಲರಿಗೂ ಅವರು ಕೊಡೆ ಮೇಷ್ಟ್ರು. ಸಮುದ್ರದ ದೀಪಸ್ತಂಭದಿಂದ ಗಡಿಯ ಚೌಕಿಯವರೆಗೆ, ದೇಶದ ಈ ತುದಿಯಿಂದ ಆ ತುದಿಗೆ, ಇಬ್ಬರು ಒಂದೇ ಸೈಕಲ್ಲಿನಲ್ಲಿ ಹೋದರೆ ಜನ ಸೇರುತ್ತಾರೆ, ಕೈಬಿಚ್ಚಿ ಕೊಡುತ್ತಾರೆ ಎನ್ನುವುದು ಅವರ ಯೋಜನೆ. ಸೈಕಲ್ಲನ್ನು ಅಪ್ಪನೇ ಎರಡು ಹಳೆಯ ಸೈಕಲ್ ಕೊಯ್ದು ಬೆಸುಗೆ ಹಾಕಿ ಮಾಡಿದ. ಹಿಂದಿನ ಸೀಟಿಗೆ ಚಿಕ್ಕಪ್ಪ ಎಂದು ಮಾತಾಗಿತ್ತು. ಹೊರಡಲು ಒಂಬತ್ತು ದಿನ ಇರುವಾಗ ಚಿಕ್ಕಪ್ಪ ಏಣಿಯಿಂದ ಬಿದ್ದು ಮುಂಗೈ ಮುರಿದುಕೊಂಡ.

ಕೊಡೆ ಮೇಷ್ಟ್ರು ನಮ್ಮ ಮನೆಗೆ ಬಂದು, ಕಾಫಿ ಲೋಟ ಕೆಳಗಿಟ್ಟು, ನನ್ನ ಕಡೆ ನೋಡಿದರು.

"ಹೆಣ್ಮಕ್ಕಳ ಶಾಲೆಗೆ ಹೆಣ್ಮಗಳೇ ತುಳೀತಿದಾಳೆ ಅಂದ್ರೆ ಅದರ ತೂಕಾನೇ ಬೇರೆ ಅಲ್ವೇನಯ್ಯಾ?"

"ಅವಳಿಗೆ ಪರೀಕ್ಷೆ ಇದೆ," ಅಂದಳು ಅಮ್ಮ, ಒಳಗಿನಿಂದಲೇ.

"ಹೋಗಿ ಬರೋದು ಎಲ್ಲ ಸೇರಿ ಎಪ್ಪತ್ತೇ ದಿನ ತಾಯಿ. ಪರೀಕ್ಷೆ ತೊಂಬತ್ತನೇ ದಿನಕ್ಕೆ. ಇಪ್ಪತ್ತು ದಿನ ಕೈಯಲ್ಲಿರುತ್ತೆ."

"ಊರೂರಿಗೆ ಹೋಗಿ ಹುಡುಗೀರು ಓದಲಿ ಅಂತ ಸಾರ್ತೀರಿ, ಮನೆ ಹುಡುಗಿ ಪುಸ್ತಕ ಮುಚ್ಚಿಸಿ. ಚೆನ್ನಾಗಿದೆ ರೀ ನಿಮ್ಮ ನ್ಯಾಯ."

ಅಪ್ಪ ನಕ್ಕ. "ಮುಚ್ಚಿಸೋದ್ಯಾಕೆ, ಪುಸ್ತಕ ಜೊತೇಲೇ ಬರುತ್ತೆ. ದಾರೀಲಿ ಓದ್ಕೋತಾಳೆ. ಏನೇ, ಬರ್ತೀಯಾ?"

ಬರುತ್ತೇನೆ ಎಂದೆ. ಸುಳ್ಳು ಹೇಳುವುದಿಲ್ಲ, ಆಸೆಯೂ ಇತ್ತು. ಕಿಟಕಿಯ ಹೊರಗಿನಿಂದ ನೋಡಿದ ನದಿಗಳನ್ನು ಕಣ್ಣಾರೆ ದಾಟಬಹುದಲ್ಲ ಎಂದು. ಅಮ್ಮ ಆಮೇಲೆ ತಡೆಯಲಿಲ್ಲ. ಮುಖ ಗಂಟು ಹಾಕಿಕೊಂಡೇ ಅಪ್ಪನ ಮೂರು ಅಂಗಿಗಳ ಬೆನ್ನಿಗೆ ಸಮಿತಿಯವರು ಕೊಟ್ಟ ಬಟ್ಟೆ ಹೊಲಿದಳು. ಅದರ ಮೇಲೆ ದಪ್ಪ ಅಕ್ಷರದಲ್ಲಿ, "ಪ್ರತಿ ಹುಡುಗಿಗೂ ಒಂದು ಬೆಂಚು."

ನದಿ ನಾನು ನೋಡಲಿಲ್ಲ. ನೋಡಿದ್ದು ಆ ಬೆನ್ನು. ಅಪ್ಪನ ಬೆನ್ನು ಅಗಲ. ಪಕ್ಕಕ್ಕೆ ಕತ್ತು ಚಾಚಿದರೂ ತಿರುಗಿಸಿದರೂ ಸೈಕಲ್ ವಾಲುತ್ತದೆ ಎಂದು ಬೈಯುತ್ತಿದ್ದ. ಬೆಳಗ್ಗೆ ಆರಕ್ಕೆ ಒಣಗಿದ ಬೆನ್ನು, ಎಂಟಕ್ಕೆ ನಡುವೆ ಒಂದು ಒದ್ದೆ ಗೆರೆ, ಹತ್ತರ ಹೊತ್ತಿಗೆ ಪೂರ್ತಿ ಒದ್ದೆ, ಮಧ್ಯಾಹ್ನ ಬಿಳಿ ಉಪ್ಪು. ಸೇತುವೆ ಬಂದರೆ ಚಕ್ರದ ಸದ್ದು ಬದಲಾಗುತ್ತಿತ್ತು, ಗಾಳಿ ತಣ್ಣಗಾಗುತ್ತಿತ್ತು. ನದಿ ಇರಬೇಕು ಎಂದುಕೊಳ್ಳುತ್ತಿದ್ದೆ.

ಓದಲು ನಾನೊಂದು ಉಪಾಯ ಕಂಡುಕೊಂಡೆ. ಬಟ್ಟೆ ಒಣಗಿಸುವ ಕ್ಲಿಪ್ಪು ಎರಡು ಇಟ್ಟುಕೊಂಡು, ಲೆಕ್ಕದ ಸೂತ್ರ ಬರೆದ ಹಾಳೆಯನ್ನು ಅಪ್ಪನ ಬೆನ್ನಿಗೇ ಸಿಕ್ಕಿಸುತ್ತಿದ್ದೆ. ತುಳಿಯುತ್ತಾ ಬಾಯಿಪಾಠ. ಅಪ್ಪನಿಗೆ ಖುಷಿಯೋ ಖುಷಿ. "ನನ್ನ ಬೆನ್ನು ಕರಿಹಲಗೆ ಆಯ್ತಲ್ಲೇ! ಬಳಪದ ಪುಡಿ ಬಿದ್ದೀತು, ಕೆಮ್ಮು ಬರುತ್ತೆ ನೋಡು ನಂಗೆ," ಎನ್ನುತ್ತಿದ್ದ. ಏರಿನಲ್ಲಿ ಏದುಸಿರು ಬಿಡುತ್ತಾ, "ವೃತ್ತದ ಸುತ್ತಳತೆ ಎಷ್ಟೇ?" ಎಂದು ಕೇಳುವನು. ನಾನು ಹೇಳುವೆನು. ಆ ಇಪ್ಪತ್ತು ದಿನ ನಾವಿಬ್ಬರೂ ಚೆನ್ನಾಗಿದ್ದೆವು. ಅದನ್ನು ನಾನು ಮರೆತಿಲ್ಲ. ಮರೆತಿದ್ದರೆ ಉಳಿದದ್ದು ಸುಲಭವಾಗುತ್ತಿತ್ತು.

ಇಪ್ಪತ್ತೊಂದನೆಯ ದಿನ ಒಂದು ದೊಡ್ಡ ಊರು. ಪತ್ರಿಕೆಯವನೊಬ್ಬ ಫೋಟೋ ತೆಗೆಯಲು ಬಂದು, "ಬೆನ್ನ ಮೇಲಿನ ಆ ಚೀಟಿ ತೆಗೀರಿ, ಅಕ್ಷರ ಮುಚ್ತಾ ಇದೆ," ಎಂದ. ತೆಗೆದೆ. ಅಂದಿನಿಂದ ಕೊಡೆ ಮೇಷ್ಟ್ರು, "ಯಾವಾಗ ಯಾರು ಫೋಟೋ ತೆಗೀತಾರೋ ಹೇಳೋಕಾಗಲ್ಲ, ಅದು ಬೇಡಮ್ಮ," ಎಂದರು. ಕ್ಲಿಪ್ಪುಗಳನ್ನು ಅಪ್ಪನೇ ತೆಗೆದು ಜೇಬಿಗೆ ಹಾಕಿಕೊಂಡ.

ಆ ಊರಿನಲ್ಲೇ ಅಪ್ಪ ಮೊದಲ ಬಾರಿಗೆ ಮೈಕಿನ ಮುಂದೆ ಮಾತಾಡಿದ್ದು. ಅಲ್ಲಿಯವರೆಗೆ ಮೇಷ್ಟ್ರು ಬಸ್ಸಿನಲ್ಲಿ ಮುಂದಾಗಿ ಹೋಗಿ ಸಭೆ ಸೇರಿಸಿ, ತಾವೇ ಭಾಷಣ ಮಾಡುತ್ತಿದ್ದರು. ಆ ದಿನ ಅವರ ಗಂಟಲು ಕಟ್ಟಿತ್ತು. ಅಪ್ಪ ಜೀವಮಾನವಿಡೀ ಗೇಟಿನ ಬಣ್ಣ ಸರಿಯಿಲ್ಲ, ಚಿಲಕ ಬಿಗಿ ಎಂದು ಕಂಡವರಿಂದೆಲ್ಲ ಬೈಸಿಕೊಂಡು ತಲೆ ತಗ್ಗಿಸಿ ಬದುಕಿದವನು. ಎರಡು ಮಾತು ನೆಟ್ಟಗೆ ಆಡಿದ್ದನ್ನು ನಾನು ಕಂಡಿರಲಿಲ್ಲ. ಅಂಥವನು ಎದ್ದು, "ನಾನು ಕಬ್ಬಿಣ ಸುಡೋನು, ನಂಗೆ ಮಾತು ಬರಲ್ಲ," ಎಂದ. ಜನ ಚಪ್ಪಾಳೆ ಹೊಡೆದರು. ಇಡೀ ಮೈದಾನ. ಅಪ್ಪನ ಕಿವಿ ಕೆಂಪಾಯಿತು. ಆಮೇಲೆ ಅರ್ಧ ಗಂಟೆ ಮಾತಾಡಿದ.

ಅಲ್ಲಿಂದ ದಾರಿ ಉದ್ದವಾಗತೊಡಗಿತು. ಯಾರೇ ಬಂದು, "ನಮ್ಮೂರಿಗೂ ಒಂದ್ಸಲ ಬನ್ನಿ ಅಣ್ಣಾ, ಬರೀ ಒಂದು ದಿನದ ಹಾದಿ," ಎಂದರೆ ಅಪ್ಪನಿಗೆ ಇಲ್ಲ ಎನ್ನಲು ಬಾಯಿ ಬಾರದು. ಸಕ್ಕರೆ ಕಾರ್ಖಾನೆಗೆ ಎರಡು ದಿನ. ಬಂದರಿನ ಕೂಲಿಗಳ ಸಂಘಕ್ಕೆ ಮೂರು ದಿನ. ಯಾವುದೋ ವಕೀಲನ ತಾಯಿ ಮಂಚದಲ್ಲಿದ್ದಾಳೆ, ಸೈಕಲ್ ನೋಡಬೇಕಂತೆ, ಅದಕ್ಕೊಂದು ದಿನ. ನಾನು ಮನಸ್ಸಿನಲ್ಲೇ ದಿನ ಕಳೆಯುತ್ತಾ ಬಂದೆ. ಇಪ್ಪತ್ತಿದ್ದದ್ದು ಹದಿನಾಲ್ಕಾಯಿತು, ಆರಾಯಿತು, ಆಮೇಲೆ ಕಳೆಯಲು ಏನೂ ಉಳಿಯಲಿಲ್ಲ.

"ಅಪ್ಪ, ತೊಂಬತ್ತನೇ ದಿನ ಪರೀಕ್ಷೆ," ಎಂದೆ ಒಮ್ಮೆ, ಬೆನ್ನಿಗೆ.

"ಗೊತ್ತು ಕಣೇ. ಈ ಒಂದು ಊರು ಮುಗೀಲಿ."

ಬೆನ್ನು ತಿರುಗಿ ನೋಡುವುದಿಲ್ಲವಲ್ಲ. ಮುಖ ಎದುರಿಗಿದ್ದರೆ ಇನ್ನೊಂದು ಮಾತು ಆಡುತ್ತಿದ್ದೆನೋ ಏನೋ.

ಎಂಬತ್ತೈದನೆಯ ದಿನ ಒಂದು ರೈಲು ಜಂಕ್ಷನ್ ಊರು. ಗಡಿ ಇನ್ನೂ ದೂರವಿತ್ತು. ನಮ್ಮನ್ನು ಹುಡುಗಿಯರ ಶಾಲೆಯ ಒಂದು ಕೊಠಡಿಯಲ್ಲಿ ಇಳಿಸಿದ್ದರು. ಸಂಜೆ ನಾನು ಪ್ರಯೋಗಾಲಯದ ಮೆಟ್ಟಿಲ ಮೇಲೆ ಕೂತು ಭೂಗೋಳ ಓದುತ್ತಿದ್ದಾಗ ಹೆಡ್‌ಮಿಸ್ ಬಂದರು. ದಪ್ಪ ಕನ್ನಡಕ, ಸೀಮೆಸುಣ್ಣ ಮೆತ್ತಿದ ಬೆರಳು.

"ಎಷ್ಟನೇ ಕ್ಲಾಸು?"

ಹೇಳಿದೆ. ಪರೀಕ್ಷೆ ಯಾವಾಗ ಎಂದು ಕೇಳಿದರು. ಇನ್ನೈದು ದಿನ ಎಂದೆ.

"ಐದು ದಿನಾನಾ? ನಿನ್ನೂರು ಎಲ್ಲಿ, ನೀನು ಕೂತಿರೋದೆಲ್ಲಿ! ನಿಮ್ಮಪ್ಪಂಗೆ ತಲೆ ನೆಟ್ಟಗಿದೆಯಾ?"

ನಾನು ಅತ್ತೆ. ನಕ್ಷೆ ಕಚೇರಿ, ವಯಸ್ಸು, ಎಲ್ಲವನ್ನೂ ಹೇಳಿದೆ. ಅವರು ಆಫೀಸಿಗೆ ಹೋಗಿ ರೈಲಿನ ವೇಳಾಪಟ್ಟಿ ತಂದು ಮೊಣಕಾಲ ಮೇಲೆ ಬಿಡಿಸಿದರು. ಮರುದಿನ ಹನ್ನೊಂದಕ್ಕೆ ರೈಲು. ಎರಡು ದಿನಕ್ಕೆ ನಮ್ಮೂರು. ಅವರ ನಾದಿನಿ ಅದೇ ರೈಲಿಗೆ ಹೊರಟಿದ್ದಳು, ಜೊತೆಯಾಯಿತು. ನೇರ ಅಪ್ಪನ ಬಳಿಗೆ ಕರೆದುಕೊಂಡು ಹೋದರು.

ಅಪ್ಪ ಚಕ್ರಕ್ಕೆ ಗಾಳಿ ಹೊಡೆಯುತ್ತಿದ್ದ. ಎಲ್ಲ ಕೇಳಿ, ಪಂಪು ಬಿಟ್ಟು ಎದ್ದ.

"ಆಗಲಿ ಮಿಸ್. ಅವಳಿಷ್ಟಕ್ಕೆ ನಾನ್ಯಾಕೆ ಅಡ್ಡ ಬರ್ಲಿ? ಹೋಗಿ ಬರೀಲಿ. ನಾನೊಬ್ಬನೇ ತುಳೀತೀನಿ." ನನ್ನ ತಲೆ ನೇವರಿಸಿದ. "ಹೋಗ್ಬಿಟ್ಟು ನಿಮ್ಮಮ್ಮನ ಕೈಲಿ ಬೈಸ್ಕೋಬೇಡ, ಎಲ್ಲಾ ನನ್ನ ಮೇಲೇ ಹೇಳು."

ಅವನು ಮನಃಪೂರ್ವಕವಾಗಿಯೇ ಹೇಳಿದ. ಇವತ್ತಿಗೂ ಅದರಲ್ಲಿ ನನಗೆ ಅನುಮಾನವಿಲ್ಲ.

ಮರುದಿನ ಒಂಬತ್ತಕ್ಕೆ ಶಾಲೆಯ ಮೈದಾನದಲ್ಲಿ ಸಭೆ. ನನ್ನ ಚೀಲ ಹೆಡ್‌ಮಿಸ್ ಕೈಯಲ್ಲಿತ್ತು. ವೇದಿಕೆಯ ಪಕ್ಕದಲ್ಲೇ ನಿಂತಿದ್ದರು, ಆಗಾಗ ಗಡಿಯಾರ ನೋಡಿಕೊಳ್ಳುತ್ತಾ. ಅಪ್ಪ ಎದ್ದು ಮೈಕು ಹಿಡಿದ.

"ಒಂದು ವಿಷಯ ಹೇಳ್ಬೇಕು. ಎಂಬತ್ತೈದು ದಿನ ನನ್ನ ಬೆನ್ನ ಹಿಂದೆ ತುಳಿದ ನನ್ನ ಮಗಳು ಇವತ್ತು ನನ್ನನ್ನ ಬಿಟ್ಟು…"

ಜನ "ಅಯ್ಯೋ" ಎಂದರು. ಸಾವಿರ ಬಾಯಿಂದ ಒಂದೇ ಸಲ ಬಂದ ಅಯ್ಯೋ. ಅಪ್ಪ ಮಾತು ನಿಲ್ಲಿಸಿದ. ನಾನು ಪಕ್ಕದಲ್ಲೇ ಕೂತು ಅವನ ಮುಖ ನೋಡುತ್ತಿದ್ದೆ, ಎಷ್ಟೋ ದಿನದ ಮೇಲೆ. ಅರ್ಧ ಆಡಿದ ಆ ವಾಕ್ಯ ಅವನ ಬಾಯಲ್ಲೇ ದಾರಿ ಬದಲಿಸಿದ್ದನ್ನು ನಾನು ಕಣ್ಣಾರೆ ಕಂಡೆ.

"…ಬಿಟ್ಟು ಹೋಗ್ಬೇಕಿತ್ತು. ನಾನೂ ಹೋಗು ಅಂದೆ. ಅವಳಿಗೆ ಪರೀಕ್ಷೆ. ಅವಳೇನಂದ್ಲು ಗೊತ್ತಾ? ಅಪ್ಪ, ನನ್ನ ಪರೀಕ್ಷೆ ಮುಂದಿನ ವರ್ಷಾನೂ ಬರುತ್ತೆ. ಆ ಬೆಟ್ಟದ ಹುಡುಗೀರಿಗೆ ಶಾಲೆ ಇವತ್ತೇ ಬೇಕು ಅಂದ್ಲು!"

ಮೈದಾನ ಎದ್ದು ನಿಂತಿತು. ಎದ್ದು ನಿಂತೇ ಚಪ್ಪಾಳೆ. ಮುಂದಿನ ಸಾಲಿನಲ್ಲಿ ಒಬ್ಬಾಕೆ ಕಣ್ಣೊರೆಸಿಕೊಂಡಳು. ಕೊಡೆ ಮೇಷ್ಟ್ರು ಮೈಕನ್ನು ನನ್ನ ಕಡೆ ತಿರುಗಿಸಿ, "ಹೌದೇನಮ್ಮ ತಾಯಿ?" ಎಂದರು.

ನಾನು ತಲೆ ಆಡಿಸಿದೆ. ಹೂಂ ಎಂದೆ.

ಯಾಕೆ ಎಂದು ಕೇಳಿದರೆ ಏನು ಹೇಳಲಿ? ಅಷ್ಟು ಜನರ ಎದುರು ಅಪ್ಪ ಸುಳ್ಳ ಎಂದು ಹೇಳಲು ಹದಿನೇಳರ ಬಾಯಿಗೆ ಬರಲಿಲ್ಲ. ಅಷ್ಟೇ. ಕೆಳಗೆ ಇಳಿದಾಗ ಹೆಡ್‌ಮಿಸ್ ನನ್ನನ್ನೇ ದಿಟ್ಟಿಸಿ ನೋಡಿದರು.

"ನಿಜವಾಗ್ಲೂ ಹಾಗಂದ್ಯಾ?"

ಅಪ್ಪ ಹಿಂದೆಯೇ ನಿಂತಿದ್ದ.

"ಹೂಂ ಅಂದ್ಯಲ್ಲ ಮಗು," ಎಂದು ಚೀಲವನ್ನು ನನ್ನ ಕಾಲ ಬಳಿ ಇಟ್ಟು, ನಾದಿನಿಯನ್ನು ರೈಲಿಗೆ ಹತ್ತಿಸಲು ಹೊರಟುಹೋದರು.

ಆ ದಿನ ದಾರಿಯಲ್ಲಿ ಅಪ್ಪ ತುಂಬಾ ಮಾತಾಡಿದ. ಆ ಊರಿನಲ್ಲಿ ಬಂದಷ್ಟು ದುಡ್ಡು ಎಲ್ಲೂ ಬಂದಿಲ್ಲ, ಎರಡು ಕೊಠಡಿಗೆ ಆಗುವಷ್ಟು ಆ ಒಂದೇ ಮೈದಾನದಲ್ಲಿ ಸಿಕ್ಕಿತು ಎಂದ. ನಕ್ಷೆ ಕಚೇರಿಯ ದೊಡ್ಡ ಸಾಹೇಬರಿಗೆ ತಾನೇ ಕೈಮುಗಿದು ಹೇಳುತ್ತೇನೆ, ವಯಸ್ಸಿನದು ಏನು ಮಹಾ ಎಂದ. ಬೆನ್ನಿನ ಬಟ್ಟೆಯ ಒಂದು ತುದಿ ಹೊಲಿಗೆ ಬಿಟ್ಟು ಪಟಪಟ ಹೊಡೆದುಕೊಳ್ಳುತ್ತಿತ್ತು.

ತೊಂಬತ್ತನೆಯ ದಿನ ಬಂತು. ಎರಡೂ ಕಡೆ ಬಯಲು, ನೇರ ರಸ್ತೆ. ಯಾವುದೋ ಕಾರ್ಖಾನೆಯ ಸೈರನ್ನು ಹತ್ತು ಗಂಟೆಗೆ ಕೂಗಿತು. ಮೊದಲ ಪತ್ರಿಕೆ ಹತ್ತರಿಂದ ಒಂದರವರೆಗೆ. ನಾನು ತುಳಿಯುವುದನ್ನು ನಿಲ್ಲಿಸಿದೆ. ಕಾಲು ಪೆಡಲಿನ ಮೇಲೆಯೇ ಇತ್ತು, ಸರಪಳಿ ತಿರುಗಿಸಿದಂತೆ ತಿರುಗುತ್ತಿತ್ತು, ಆದರೆ ಒತ್ತಲಿಲ್ಲ. ಇಡೀ ಭಾರ ಅಪ್ಪನ ಮೇಲೆ.

ಸ್ವಲ್ಪ ಹೊತ್ತಾದ ಮೇಲೆ, "ಎದುರುಗಾಳಿ ಕಣೇ ಇವತ್ತು. ಸ್ವಲ್ಪ ಒತ್ತು," ಎಂದ.

ಒತ್ತಲಿಲ್ಲ. ಮೂರು ಗಂಟೆ ಹಾಗೇ ಕೂತೆ. ಅವನು ಎರಡು ಸಲ ಇಳಿದು ಚಕ್ರ ಸವರಿ ನೋಡಿದ, ಬ್ರೇಕು ಉಜ್ಜುತ್ತಿದೆಯೇನೋ ಎಂದು. ನನ್ನ ಮುಖ ನೋಡಲಿಲ್ಲ. ಒಂದು ಗಂಟೆಯಾಯಿತು ಎಂದು ನೆರಳಿನಲ್ಲಿ ಗೊತ್ತಾದಾಗ ಮತ್ತೆ ಒತ್ತಲು ಶುರುಮಾಡಿದೆ.

"ನೋಡಿದ್ಯಾ, ಗಾಳಿ ಬಿತ್ತು!" ಎಂದ ಖುಷಿಯಿಂದ.

ಆರು ಪತ್ರಿಕೆ. ಆರೂ ದಿನ ಬೆಳಗ್ಗೆ ಹತ್ತರಿಂದ ಒಂದರವರೆಗೆ ಹಾಗೇ ಮಾಡಿದೆ. ಈ ಪ್ರಾಂತ್ಯದಲ್ಲಿ ಬೆಳಗಿನ ಹೊತ್ತು ವಿಪರೀತ ಗಾಳಿ ಎಂದು ಅಪ್ಪ ಮುಂದಿನ ಸಭೆಗಳಲ್ಲೂ ಹೇಳಿದ.

ನೂರಹನ್ನೊಂದನೆಯ ದಿನ ಗಡಿಯ ಚೌಕಿ. ಬ್ಯಾಂಡು, ಫೋಟೋ, ಯಾರೋ ಮಂತ್ರಿ. ಆಮೇಲೆ ನಾಲ್ಕು ದಿನ ರೈಲಿನಲ್ಲಿ ಮನೆಗೆ. ಅಮ್ಮ ಬಾಗಿಲಲ್ಲಿ ನಿಂತಿದ್ದಳು. ಅಪ್ಪನನ್ನು ದಾಟಿ ಬಂದು ನನ್ನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು.

"ಪರೀಕ್ಷೆ ದಿನ ರಜೆ ಹಾಕಿ ಶಾಲೆಗೆ ಹೋಗಿದ್ದೆ," ಎಂದಳು. "ರೈಲು ತಡ ಆಗಿರುತ್ತೆ, ಈಗ ಬರ್ತಾಳೆ, ಗೇಟು ಹಾಕ್ಬೇಡಪ್ಪ ಅಂತ ಕಾವಲುಗಾರನಿಗೆ ಹೇಳಿದೆ. ಪಾಪ, ಹತ್ತೂಕಾಲರವರೆಗೂ ತೆರೆದಿಟ್ಟಿದ್ದ. ಆಮೇಲೆ ಕಿಟಕೀಲಿ ಬಗ್ಗಿ ನೋಡಿದೆ. ಮೂರನೇ ಸಾಲಿನ ಬೆಂಚಿನ ಮೇಲೆ ನಿನ್ನ ನಂಬರು ಬರೆದಿದ್ರು. ಖಾಲಿ ಇತ್ತು."

ಹೊರಗೆ ಅಪ್ಪ ಚಪ್ಪಲಿ ಬಿಡುತ್ತಿದ್ದ ಸದ್ದು.

"ಆರು ದಿನಾನೂ ಹೋಗಿದ್ದೆ," ಎಂದಳು ಅಮ್ಮ.

ಅವಳು ಅಪ್ಪನ ಜೊತೆ ನೇರವಾಗಿ ಮಾತಾಡುವುದನ್ನು ಬಿಟ್ಟಳು. "ನಿಮ್ಮಪ್ಪಂಗೆ ಹೇಳು, ಊಟ ಆರ್ತಿದೆ." "ನಿಮ್ಮಪ್ಪನ್ನ ಕೇಳು, ಬಟ್ಟೆ ಒಗೆಯೋಕಿದೆಯಾ ಅಂತ." ಪಕ್ಕದಲ್ಲೇ ಕೂತಿರುವವನಿಗೆ ನನ್ನ ಬಾಯಿಂದ ಹೇಳಿಸುವಳು. ಸಾಯುವವರೆಗೂ ಹಾಗೆಯೇ ಇದ್ದಳು, ಹತ್ತೊಂಬತ್ತು ವರ್ಷ.

ಅಪ್ಪ ಸಾಹೇಬರಿಗೆ ಕೈಮುಗಿಯಲು ಹೋದದ್ದು ನಿಜ. ಸಾಹೇಬರು ಎದ್ದು ನಿಂತು ಕೈಕುಲುಕಿದರು, ಪತ್ರಿಕೆಯಲ್ಲಿ ಓದಿದೆ ಎಂದರು, ಚಹಾ ತರಿಸಿದರು. ನಿಯಮ ನಿಯಮವೇ ಎಂದರು. ಮರುವರ್ಷ ಪರೀಕ್ಷೆಗೆ ಕಟ್ಟು ಎಂದಳು ಅಮ್ಮ. ಯಾವುದಕ್ಕೆ ಎಂದು ಕಟ್ಟಲಿ? ಹೊತ್ತು ಕಳೆಯಲು ಅಪ್ಪನ ಬೆಸುಗೆ ಅಂಗಡಿಗೆ ಹೋಗತೊಡಗಿದೆ. ಸಮಿತಿಯವರು ಅಪ್ಪನನ್ನು ಊರೂರಿಗೆ ಕರೆದೊಯ್ಯುತ್ತಿದ್ದರು, ಅಂಗಡಿ ನನ್ನ ಕೈಗೇ ಬಂತು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಕಿಟಕಿಯ ಬಳ್ಳಿ ಬರೆದು, ಅದರಂತೆ ಸರಳು ಬಗ್ಗಿಸುವುದರಲ್ಲಿ ನಲವತ್ತು ವರ್ಷ ಕಳೆಯಿತು. ಮದುವೆಯ ಮಾತು ಒಂದೆರಡು ಬಂದವು. ಬೆಸುಗೆ ಹಾಕುವ ಹುಡುಗಿ ಎಂದು ಮೂಗು ಮುರಿದು ಹೋದರು. ಶಾಲೆ ಎದ್ದಿತು. ಅಪ್ಪ ಉದ್ಘಾಟನೆಗೆ ಹೋದ. ನನ್ನನ್ನೂ ಕರೆದರು, ಕೆಲಸ ಇದೆ ಎಂದೆ.

ಹೋದ ವರ್ಷ ಅಪ್ಪ ಆಸ್ಪತ್ರೆ ಸೇರಿದ. ಎಂಬತ್ತಾರು ವಯಸ್ಸು, ಶ್ವಾಸಕೋಶದಲ್ಲಿ ನೀರು. ನೀರು ತೆಗೆಯಲು ನನ್ನ ಸಹಿ ಬೇಕೆಂದು ಡಾಕ್ಟರಮ್ಮ ಒಂದು ಕಾಗದ ತಂದರು. ಮೂವತ್ತೈದರ ಆಸುಪಾಸಿನ ಹೆಂಗಸು. ಕಾಗದದ ತುಂಬ ಆಸ್ಪತ್ರೆಯ ಭಾಷೆ. ನಾನು ಎರಡು ಸಾಲು ಓದಿ ನಿಂತದ್ದನ್ನು ನೋಡಿ, ಅವರೇ ಪಕ್ಕದಲ್ಲಿ ಕೂತು ಬೆರಳಿಟ್ಟು ಒಂದೊಂದೇ ಸಾಲು ಬಿಡಿಸಿ ಹೇಳಿದರು. ಆಮೇಲೆ ಅಪ್ಪನ ಹೆಸರಿನ ಮೇಲೆ ಅವರ ಬೆರಳು ನಿಂತಿತು.

"ಇವರು… ಸೈಕಲ್ ತಾತನಾ?"

ಅಪ್ಪ ಆಮ್ಲಜನಕದ ಮುಖವಾಡದೊಳಗಿನಿಂದ ನಕ್ಕ.

"ನಾನು ಆ ಶಾಲೇಲೇ ಓದಿದ್ದು!" ಡಾಕ್ಟರಮ್ಮ ಎದ್ದೇ ನಿಂತರು. "ನಮ್ಮದು ಬೆಟ್ಟದ ಮೇಲಿನ ಹಳ್ಳಿ. ಶಾಲೆ ಇಲ್ದಿದ್ರೆ ನಾನು ಇವತ್ತು ಕುರಿ ಕಾಯ್ತಿದ್ದೆ. ಹಾಗಾದ್ರೆ ನೀವೇನಾ ಹಿಂದೆ ಕೂತಿದ್ದೋರು? ಪ್ರತಿ ವರ್ಷ ನಿಮ್ಮ ಕಥೆ ಹೇಳ್ತಿದ್ರು ನಮಗೆ. ಪರೀಕ್ಷೆ ಬಿಟ್ಟು ಬಂದ್ರಿ ಅಂತ. ನಾವೆಲ್ಲ ಚಪ್ಪಾಳೆ ಹೊಡೀತಿದ್ವಿ."

ಅಪ್ಪ ಮುಖವಾಡ ಸರಿಸಿದ. "ತಾನಾಗೇ ಬಿಟ್ಲು," ಎಂದ. "ನಾನು ಹೋಗು ಅಂದೆ. ಇವಳೇ ಬೇಡ ಅಂದ್ಲು."

ನಲವತ್ತೈದು ವರ್ಷ ಈ ಮಾತು ಕೇಳಿದ್ದೆ. ನಗುನಗುತ್ತಲೇ ಕೇಳಿದ್ದೆ. ಆ ದಿನ ಏಕೋ ಆಗಲಿಲ್ಲ.

"ನಾನು ಹಾಗೆ ಅನ್ನಲಿಲ್ಲ ಅಪ್ಪ," ಎಂದೆ.

ಡಾಕ್ಟರಮ್ಮ ಪೆನ್ನಿನ ಮುಚ್ಚಳ ತಿರುಗಿಸುತ್ತಾ ನಿಂತರು. ಅವರ ಮುಖದ ನಗು ಎಲ್ಲಿ ಹೋಗುವುದೆಂದು ತಿಳಿಯದೆ ಅಲ್ಲೇ ಉಳಿದಿತ್ತು. ಅವರನ್ನು ನೋಡಿ ನನಗೆ ಪಾಪ ಎನಿಸಿತು. ಅವರದೇನು ತಪ್ಪು? ಒಳ್ಳೆಯ ಕೈ, ಒಳ್ಳೆಯ ಮಾತು, ಕಾಗದ ಓದಿ ಹೇಳುವಷ್ಟು ತಾಳ್ಮೆ. ಸಹಿ ಹಾಕಿ ಕೊಟ್ಟೆ. ಅವರು ಹೋದರು.

ಅಪ್ಪ ದಿಂಬಿನ ಮೇಲೆ ತಲೆ ಹೊರಳಿಸಿ ನನ್ನ ಕಡೆ ನೋಡಿದ.

"ಸಿಟ್ಟಿದೆಯಾ ನಿಂಗೆ?"

"ಇದೆ."

"ಇಷ್ಟು ವರ್ಷಾನೂ?"

"ಇಷ್ಟು ವರ್ಷಾನೂ."

ಉಸಿರು ಎಳೆದುಕೊಂಡ. "ಅವತ್ತೇ ಒಂದು ಮಾತು ಹೇಳಬಾರದಿತ್ತೇನೇ? ಇಲ್ಲ ಅಂದಿದ್ರೆ, ಅಲ್ಲೇ, ಅಷ್ಟು ಜನರ ಮುಂದೇನೇ, ನಿನ್ನ ರೈಲು ಹತ್ತಿಸ್ತಿದ್ದೆ. ನನ್ನಾಣೆ."

ಅವನ ಕಣ್ಣಲ್ಲಿ ನೀರಿತ್ತು. ಕಪಟ ಇರಲಿಲ್ಲ. ಹತ್ತಿಸುತ್ತಿದ್ದ ಎಂದೇ ಅವನು ನಂಬಿದ್ದ. ಹತ್ತಿಸುತ್ತಿದ್ದನೋ ಏನೋ. ಅದು ನನಗೆ ಗೊತ್ತಾಗುವ ದಾರಿ ಇನ್ನಿಲ್ಲ.

ಮುಖವಾಡವನ್ನು ಸರಿಯಾಗಿ ಮೂಗಿನ ಮೇಲೆ ಕೂರಿಸಿ, ಕಿವಿಯ ಹಿಂದೆ ದಾರ ಬಿಗಿದೆ. "ಮಾತಾಡ್ಬೇಡ, ಸುಸ್ತಾಗುತ್ತೆ," ಎಂದೆ. ಮತ್ತೆ ಹನ್ನೆರಡು ದಿನ ಇದ್ದ. ನಾನೂ ಆ ಮಾತು ಎತ್ತಲಿಲ್ಲ, ಅವನೂ ಎತ್ತಲಿಲ್ಲ.